ಸೊಂಟದ ಹಗ್ಗ

"ಹೆಣ ಕೂಡ ನಿನಗಿಂತ ಗಟ್ಟಿ ಎಳೀತದೆ ಕಣೋ ದಿಗೂ!"

ಆಬಾ ಮೇತರ್ ಕೂಗಿದ್ದು ಮಾಲವಣದ ಕಡಲ ದಂಡೆಯ ಮರಳ ಮೇಲಿದ್ದ ನಲವತ್ತು ಜನಕ್ಕೂ ಕೇಳಿಸಿತು. ಬುಟ್ಟಿ ಹಿಡಿದು ಕಾದಿದ್ದ ಹೆಂಗಸರು ಕೂಡ ನಕ್ಕರು. ಬೆಳಗ್ಗೆ ನೀರು ಕಪ್ಪಾಗುವಷ್ಟು ಬಂಗುಡೆಯ ಹಿಂಡು ಕಂಡಿತ್ತು. ಈಗ ದಡಕ್ಕೆ ಎಳೆದ ರಂಪಣಿ ಬಲೆಯೊಳಗೆ ನೋಡಿದರೆ ಎರಡು ಬುಟ್ಟಿಗೂ ಸಾಲದು. ಎರಡು ಕಡೆಯ ಹಗ್ಗವೂ ಒಂದೇ ಸಮನೆ ಬರಬೇಕು. ಒಂದು ಕಡೆ ಹಿಂದೆ ಬಿತ್ತೋ, ಆ ಸಂದಿಯಲ್ಲೇ ಮೀನು ಪರಾರಿ.

"ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಬಿದ್ಕೊಂಡಿದ್ದೆ. ಹುಚ್ಚಿನ ಮಾತ್ರೆ ನುಂಗಿದ್ರೆ ತೋಳಿಗೆ ಬಲ ಬರ್ತದಾ? ಸೊಂಟದ ಹಗ್ಗ ಬಿಚ್ಚಿ ದೋಣಿ ಮೂತಿಗೆ ಸಿಕ್ಕಿಸು. ಮನೆಗೆ ನಡಿ!"

ಎಳೆಯುವವರೆಲ್ಲ ಸೊಂಟಕ್ಕೊಂದು ತುಂಡು ಹಗ್ಗ ಕಟ್ಟಿ ದೊಡ್ಡ ಹಗ್ಗಕ್ಕೆ ಬಿಗಿದುಕೊಳ್ಳುವುದು. ಅದನ್ನು ದೋಣಿಯ ಮೂತಿಗೆ ಸಿಕ್ಕಿಸಿದವನು ಮತ್ತೆ ತಂಡಕ್ಕೆ ಬರುವಂತಿಲ್ಲ. ದಿಗೂನ ಅಪ್ಪನ ಹಗ್ಗ ಅಲ್ಲಿ ನೇತಾಡಿದ್ದು ಅಪ್ಪ ಸತ್ತ ದಿನ.

ದಿಗೂನ ಕೈ ಆಗಲೇ ಗಂಟಿನ ಮೇಲಿತ್ತು. 'ನನ್ನಿಂದಲೇ ಎಲ್ಲ ಹಾಳು.' ಎಂಟು ತಿಂಗಳಿಂದ ತಲೆಯೊಳಗೆ ನೊಣದ ಹಾಗೆ ಗುಂಯ್‌ಗುಡುತ್ತಿದ್ದ ಅದೇ ಮಾತು. ಕಾಲು ಒಂದು ಕಡೆ ನಿಲ್ಲಲಿಲ್ಲ. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. ಗಂಟು ಅರ್ಧ ಸಡಿಲಾಯಿತು.

ಆಸ್ಪತ್ರೆಯ ಡಾಕ್ಟರಮ್ಮ ಮೊನ್ನೆ ಗದರಿದ್ದಳು: "ಮನಸ್ಸು ಹೇಳಿದ್ದನ್ನೆಲ್ಲ ಯಾಕಪ್ಪಾ ನಂಬ್ತೀ? ಮೀನು ಮಾರೋಳು ತಾಜಾ ಅಂದ್ರೆ ಕಿವಿರು ಎತ್ತಿ ನೋಡಲ್ವಾ ನೀನು? ಇದನ್ನೂ ಹಂಗೇ ಎತ್ತಿ ನೋಡು."

ಸರಿ, ನೋಡೇ ಬಿಡೋಣ.

ಹಗ್ಗ ಕೈ ಬಿಟ್ಟೆನಾ? ಬಿಟ್ಟೆ. ಉಸಿರು ಸಾಲದೆ, ಒಂದು ಸಲ. ಅದು ನಿಜ. ಅದಕ್ಕೇ ಮೀನು ಹೋಯಿತಾ?

ಮರಳು ನೋಡಿದ. ತಾನು ಎಳೆದ ಉತ್ತರದ ಹಗ್ಗ ಪೂರ್ತಿ ಮೇಲೆ ಬಂದು ಸುರುಳಿಯಾಗಿ ಬಿದ್ದಿದೆ. ಆ ಕಡೆಯ ಬಲೆಯ ಅಂಚೂ ಮರಳಿನ ಮೇಲಿದೆ. ದಕ್ಷಿಣದ ಕಡೆ ಹತ್ತು ಮಾರು ಬಲೆ ಇನ್ನೂ ಅಲೆಯಲ್ಲಿ ಹೊರಳಾಡುತ್ತಿದೆ. ಹಿಂದೆ ಬಿದ್ದದ್ದು ಆ ಕಡೆ. ಆ ಕಡೆಯ ಮುಂದಾಳು ಆಬಾ.

ಇವತ್ತಿಗೆ ನಾಲ್ಕನೇ ದಿನ ನಾನು ಹಾಸಿಗೆ ಬಿಟ್ಟೆದ್ದು ಬಂದಿದ್ದೇನೆ. ಅದೂ ನಿಜ. ಲೆಕ್ಕಕ್ಕೆ ಅದನ್ನು ಯಾಕೆ ಹಿಡಿಯಬಾರದು?

"ಏನೋ, ನಾಲಿಗೇನೂ ಬಿದ್ದುಹೋಯ್ತಾ?" ಆಬಾ ಮತ್ತೆ ಕೆಣಕಿದ.

ಬುಟ್ಟಿಯ ಹೆಂಗಸೊಬ್ಬಳು, "ಬಿಡು ಆಬಾ, ಪಾಪ," ಅಂದಳು. ಆ 'ಪಾಪ' ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಮಾತು ದಿಗೂನ ಗಂಟಲ ತನಕ ಬಂತು. ಬೆರಳೆತ್ತಿ ದಕ್ಷಿಣಕ್ಕೆ ತೋರಿಸಿದ್ದರೆ ಸಾಕಿತ್ತು, ನಲವತ್ತು ಜನವೂ ತಿರುಗಿ ನೋಡುತ್ತಿದ್ದರು. ಬೆರಳು ಎತ್ತಲಿಲ್ಲ. ನೊಣ ಸತ್ತಿರಲಿಲ್ಲ, ಗುಂಯ್‌ಗುಡುತ್ತಲೇ ಇತ್ತು. ಆದರೆ ಅದು ನೊಣ ಅಂತ ಈಗ ಗೊತ್ತಿತ್ತು.

ಸಡಿಲಾದ ಗಂಟನ್ನು ಎಳೆದು ಬಿಗಿದ. ದೋಣಿಯ ಮೂತಿ ದಾಟಿ, ಆಬಾನ ಕಡೆ ತಿರುಗದೆ, ನೀರಲ್ಲಿದ್ದ ಆ ಹತ್ತು ಮಾರು ಬಲೆಯತ್ತ ನಡೆದ.