ಬಾವಿ ತಿರುವಿನಲ್ಲಿ ಆರಿದ ಬತ್ತಿ

ಅತ್ತೆ ಗುಡುಗಿನ ಬತ್ತಿ ಕೇಳಿದಾಗ ನನ್ನ ಜೀವ ಬಾಯಿಗೆ ಬಂತು.

ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ, ಅಡ್ವೆಂಟಿನ ಮೊದಲ ಭಾನುವಾರ ಹಾಸಿಗೆ ಹಿಡಿದವರು ಅವರು. ಕ್ರಿಸ್ಮಸ್ ಕಳೆಯಿತು, ಮೂವರು ಅರಸರ ಹಬ್ಬಕ್ಕೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅವರ ಹೆಸರಿನ ಮೊದಲಕ್ಷರ ಬರೆದದ್ದೂ ಆಯಿತು, ಏಳಲಿಲ್ಲ. ಜನವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ ಪಾದ್ರಿಗಳು ಬಂದು ಕಡೆಗಾಲದ ಎಣ್ಣೆ ಹಚ್ಚಿ ಹೋದರು. ಉಳಿದದ್ದು ಬತ್ತಿ ಒಂದೇ. ಗುಡುಗು ಸಿಡಿಲಿಗೆ ಕಿಟಕಿಯಲ್ಲಿ ಹಚ್ಚಿಡುವ ಮೇಣದಬತ್ತಿ ಅದು. ನಮ್ಮ ಪೊದ್ಲಾಸಿಯೆ ಸೀಮೆಯಲ್ಲಿ ಸಾಯುವವರ ಕೈಗೂ ಅದನ್ನೇ ಹಚ್ಚಿ ಕೊಡುತ್ತೇವೆ. ಫೆಬ್ರವರಿ ಎರಡರಂದು, ಕ್ರಿಸ್ಮಸ್ಸಿನ ನಲವತ್ತನೇ ದಿನ, ಚರ್ಚಿನಲ್ಲಿ ಹಚ್ಚಿದ ಬತ್ತಿಯನ್ನು ಆರದಂತೆ ಮನೆಗೆ ತರಬೇಕು, ಅದರ ಹೊಗೆಯಿಂದ ತೊಲೆಯ ಮೇಲೆ ಶಿಲುಬೆ ಎಳೆಯಬೇಕು. ದಾರಿಯಲ್ಲಿ ಆರಿದರೆ ವರ್ಷದೊಳಗೆ ಆ ಮನೆಯಿಂದ ಒಬ್ಬರು ಹೋಗುತ್ತಾರೆ ಎಂದು ನಂಬಿಕೆ.

ಹೋದ ವರ್ಷ ಅತ್ತೆಗೆ ಮಂಡಿನೋವು. ಮೂವತ್ತು ವರ್ಷ ತಾವೇ ತಂದವರು ಆ ಸಲ ನನ್ನನ್ನು ಕಳಿಸಿದರು. ನಾನಾಗ ನಾಲ್ಕು ತಿಂಗಳ ಬಸುರಿ. ನೆರೆಮನೆಯ ಸೊಹಾ ಅವರ ಬಾವಿಯ ತಿರುವಿನಲ್ಲಿ ಗಾಳಿ ಬೀಸಿ ಬತ್ತಿ ಆರಿತು. ಯಾರೂ ನೋಡಲಿಲ್ಲ. ನಾನು ಹಾಕಿಕೊಂಡಿದ್ದ ಗಂಡನ ಕೋಟಿನ ಜೇಬಿನಲ್ಲಿ ಅವನ ಸಿಗರೇಟ್ ಲೈಟರ್ ಸಿಕ್ಕಿತು. ಬಾವಿಕಟ್ಟೆಯ ಮರೆಯಲ್ಲಿ ಹಚ್ಚಿಕೊಂಡು, ಏನೂ ಆಗದವಳಂತೆ ಮನೆಗೆ ಬಂದೆ. ಅತ್ತೆ ಅದೇ ಬೆಂಕಿಯಿಂದ ಶಿಲುಬೆ ಎಳೆದರು. ನಾನು ಹೇಡಿ, ಬಾಯಿ ಬಿಡಲಿಲ್ಲ. ಜುಲೈಯಲ್ಲಿ ತೇಕ್ಲಾ ಹುಟ್ಟಿದಳು. ಮಗು ಒಮ್ಮೆ ಕೆಮ್ಮಿದರೂ ನನ್ನ ಕಣ್ಣು ಆ ತೊಲೆಯ ಕಡೆಗೇ ಹೋಗುತ್ತಿತ್ತು.

"ಲುಡ್ಕಾ, ಕಿವಿ ಕೇಳ್ಸಲ್ವೇನೆ?" ಎಂದರು ಅತ್ತೆ. "ಸಾಯ್ತಿರೋಳು ನಾನು, ನೀನ್ಯಾಕೆ ಬಿಳಿಚ್ಕೊಂಡಿದ್ದೀಯ?"

ಮೂಲೆಯ ದೇವಮಾತೆಯ ಪಟದ ಹಿಂದಿನಿಂದ ಬತ್ತಿ ತೆಗೆದೆ. ಸುಳ್ಳು ಬೆಂಕಿಯ ಬತ್ತಿ ಹಿಡಿಸಿ ಈ ಹೆಂಗಸನ್ನು ಹೇಗೆ ಕಳಿಸಲಿ?

"ಇದು ಬೇಡ ಅತ್ತೆ. ನಾಲ್ಕು ದಿನ ತಡ್ಕೊಳ್ಳಿ, ಹೊಸದು ತರ್ತೀನಿ."

"ನಾಲ್ಕು ದಿನ! ಸಾವನ್ನ ಬಸ್ಸು ಅಂದ್ಕೊಂಡ್ಯಾ, ಕೈ ಅಡ್ಡ ಹಾಕಿ ನಿಲ್ಸೋಕೆ?"

"ಅದು ಆರಿಹೋಗಿತ್ತು ಅತ್ತೆ." ಅಳು ಬಂತು. "ಬಾವಿ ಹತ್ರ. ನಾನು ಲೈಟರಿಂದ ಹಚ್ಚಿದೆ. ನಿಮ್ಗೆ ಹೀಗಾಗಿರೋದು ನನ್ನಿಂದ್ಲೇ."

ಅತ್ತೆ ತೊಲೆಯ ಮೇಲಿನ ಶಿಲುಬೆಯತ್ತ ಕಣ್ಣೆತ್ತಿದರು.

"ಗೊತ್ತು ಕಣೆ. ಒಳಗೆ ಬರೋವಾಗ್ಲೇ ನಿನ್ ಕೈಗವಸು ಪೆಟ್ರೋಲ್ ವಾಸ್ನೆ ಹೊಡೀತಿತ್ತು. ಚರ್ಚ್ ಬೆಂಕಿಗೆ ಪೆಟ್ರೋಲ್ ವಾಸ್ನೆ ಇರತ್ತಾ?"

"ಮತ್ಯಾಕೆ ಸುಮ್ನಿದ್ರಿ?"

"ಬೈಯೋಣ ಅಂತಾನೇ ಇದ್ದೆ. ನಿನ್ ಹೊಟ್ಟೆ ನೋಡ್ದೆ. ಒಳಗೊಳಗೇ ಮಾತೆಗೆ ಹೇಳ್ದೆ, ಈ ಮನೆಯಿಂದ ಒಬ್ರು ಬೇಕೇ ಬೇಕು ಅಂದ್ರೆ ನನ್ ಹೆಸರು ಬರ್ಕೋ ತಾಯಿ, ಆ ಮಗು ತಂಟೆಗೆ ಬರ್ಬೇಡ ಅಂತ. ಒಂದ್ಸಲ ಎತ್ಕೊಳ್ಳೋಕೆ ಬಿಡು ಅಂದೆ, ಬಿಟ್ಳು. ದೇವಾಲಯದಲ್ಲಿ ಆ ಮುದುಕ ಸಿಮೆಯೋನ ಮಾಡಿದ್ದೂ ಅಷ್ಟೇ ಅಲ್ವಾ? ಜೀವಮಾನ ಕಾದ, ಯೇಸುಕೂಸನ್ನ ಎತ್ಕೊಂಡ, ಹೊರಟ."

ನನಗೆ ಸಿಟ್ಟು ಬಂತು. ವರ್ಷವಿಡೀ ನಾನೊಬ್ಬಳೇ ಬೇಯುತ್ತಿದ್ದೇನೆ ಎಂದುಕೊಂಡಿದ್ದೆ. ಅದೇ ಒಲೆಯ ಮುಂದೆ ನನ್ನ ಜೊತೆ ಆಲೂಗಡ್ಡೆ ಸುಲಿಯುತ್ತ ಅವರೂ ಅದನ್ನೇ ನುಂಗಿಕೊಂಡಿದ್ದರು.

"ಯಾರು ಕೇಳಿದ್ರು ನಿಮ್ಮನ್ನ?" ಎಂದು ಕೂಗಿದೆ.

"ಹಚ್ಚೇ," ಎಂದರು. "ಆ ಲೈಟರ್ರೇ ತಗೋ."

ಹಚ್ಚಿದೆ. ಅವರ ಬೆರಳುಗಳ ಮೇಲೆ ನನ್ನ ಬೆರಳುಗಳನ್ನು ಬಿಗಿಯಾಗಿ ಇಟ್ಟು ಹಿಡಿದೆ. ಮೇಣ ಇಬ್ಬರ ಕೈಮೇಲೂ ಸುರಿಯಿತು. ಅರ್ಧ ಗಂಟೆಯಲ್ಲಿ ಉಸಿರು ನಿಂತಿತು.

ಅವರನ್ನು ಮಣ್ಣು ಮಾಡಿದ ಮರುದಿನವೇ ಹಬ್ಬ, ಕ್ರಿಸ್ಮಸ್ ಗೋದಲಿಯ ಬೊಂಬೆಗಳನ್ನು ಎತ್ತಿಡುವ ದಿನ. ಹೊಸ ಬತ್ತಿಯನ್ನು ಅಂಗೈಯಲ್ಲಿ ಮರೆ ಮಾಡಿಕೊಂಡು ಚರ್ಚಿನಿಂದ ಹೊರಟೆ. ಬಾವಿಯ ತಿರುವಿನಲ್ಲಿ ಆರಿತು. ಲೈಟರ್ ಜೇಬಿನಲ್ಲೇ ಇತ್ತು. ಮುಟ್ಟಲಿಲ್ಲ.

ಬಾಗಿಲಲ್ಲಿ ಗಂಡ ಝೆನೋನ್ ತೇಕ್ಲಾಳನ್ನು ಎತ್ತಿಕೊಂಡು ನಿಂತಿದ್ದ.

"ಏನಾಯ್ತೇ?"

"ಆರಿಹೋಯ್ತು," ಎಂದೆ.

ಅವನ ಮುಖ ಕಪ್ಪಿಟ್ಟಿತು. ಮಗುವನ್ನು ಎದೆಗೆ ಒತ್ತಿಕೊಂಡ. ನಾನು ಕೈ ಚಾಚಿ ಅವಳನ್ನು ಎತ್ತಿಕೊಂಡು ಮೂಲೆಯ ಪಟದ ಮುಂದೆ ಹೋಗಿ ನಿಂತೆ. ಮಾತೆಗೆ ನನ್ನ ಹೆಸರು ಹೇಳಿದೆ.