ಕಾಂಡ್ಲಾ ಶೆಡ್ಡಿನ ಸಹಿ

"ಏ ಮಲ್ಲವ್ವ, ನಿನ್ನ ತಲ್ಯಾಗ ಮಿದುಳ ಐತೋ, ಸಗಣಿ ತುಂಬೇತೋ? ಚೂಪು ತುದಿ ಮ್ಯಾಲ ಅಂದ್ರ ಮ್ಯಾಲ!"

ಬೈಯುವಾಗ ಶ್ರೀಶೈಲ್ ಕೈಯಲ್ಲಿದ್ದ ಬೀಜವನ್ನು ಮೇಷ್ಟರ ಬೆತ್ತದಂತೆ ಆಡಿಸುತ್ತಿದ್ದರು. ಮ್ಯಾಂಗ್ರೋವ್ ಎನ್ನುವ ಕಾಂಡ್ಲಾ ಗಿಡದ ಬೀಜ ನೋಡಲು ಗಿಡ್ಡ ನುಗ್ಗೇಕಾಯಿಯ ಹಾಗೆ. ಬಿರುಗಾಳಿಗೆ ಕಡಲಂಚಿನ ಕಾಂಡ್ಲಾ ಕಾಡನ್ನು ಕಳೆದುಕೊಂಡ ಅಮೆರಿಕದ ದ್ವೀಪವೊಂದಕ್ಕೆ ಅದನ್ನು ಮತ್ತೆ ಬೆಳೆಸಿಕೊಡಲು ಸರ್ಕಾರ ಶ್ರೀಶೈಲ್‌ಗೆ ಅನುದಾನ ಕೊಟ್ಟಿತ್ತು. ದ್ವೀಪದಿಂದ ಬೀಜ ಅಮೆರಿಕದಲ್ಲೇ ಇರುವ ಕೇಟಿ ಊರಿನ ಈ ಶೆಡ್ಡಿಗೆ ಬರುತ್ತಿತ್ತು. ಇಲ್ಲಿ ಬೇರು ಬಿಟ್ಟು, ಸಸಿಯಾಗಿ ವಾಪಸು ಹೋಗಬೇಕಿತ್ತು. ಅನುದಾನಕ್ಕೊಂದು ಷರತ್ತು: ಒಂದಷ್ಟು ಕೆಲಸವನ್ನು ಊರಿನ ಜನ ಸ್ವಂತ ಇಷ್ಟದಿಂದ ಮಾಡಿ, ಹಾಗೆಂದು ಸಹಿ ಹಾಕಬೇಕು.

ಊರಿನ ಜನ ಎಂದರೆ ನಾವು. ಮಕ್ಕಳ ಮನೆಗೆ ಬಂದು ಹೊತ್ತು ಹೋಗದ ಐದು ಮಂದಿ ಮುದುಕರು. "ಸೇವಾ ಆಂಟಿ, ಸೇವಾ" ಎಂದು ಶ್ರೀಶೈಲ್ ಕಾರಿನಲ್ಲಿ ಕರೆತರುತ್ತಿದ್ದರು. ಸಂಜೆಯವರೆಗೆ ಚೀಲಕ್ಕೆ ಕೆಸರು ತುಂಬಿದರೆ ಒಂದು ತಟ್ಟೆ ಉಪ್ಪಿಟ್ಟು. ಅದನ್ನು ಮಾಡುವವಳೂ ಮಲ್ಲವ್ವನೇ. ಅವಳು ಶ್ರೀಶೈಲ್ ಮನೆಯ ಅಡುಗೆಗೆಂದು ಬಂದವಳು. ಬಂದ ದಿನವೇ "ಎಲ್ಯರ ಕಳಕೊಂಡಿ" ಎಂದು ಅವಳ ಪಾಸ್‌ಪೋರ್ಟ್ ತೆಗೆದುಕೊಂಡು ಆಫೀಸಿನ ಡ್ರಾಯರಿನಲ್ಲಿ ಬೀಗ ಹಾಕಿಟ್ಟಿದ್ದರು. ತಂಗಿ ಸತ್ತಾಗ ಊರಿಗೆ ಹೋಗಲು ಕೇಳಿದರೂ ಕೊಟ್ಟಿರಲಿಲ್ಲ.

"ಸಾವ್ಕಾರ್ರ, ಕಾರವಾರದಾಗ ಅರಣ್ಯ ಇಲಾಖೆ ನರ್ಸರ್ಯಾಗ ಹನ್ನೆರಡು ವರ್ಷ ದಿನಗೂಲಿ ಮಾಡೀನ್ರಿ. ಇದರ ಚೂಪಿಂದು ಕೆಳಗರಿ."

"ವಿಜಾಪುರದಾಗ ನಮ್ಮಪ್ಪ ದ್ರಾಕ್ಷಿ ಬೆಳದಾಂವ. ಓರೆ ಕೊಯ್ದ ಚೂಪು ತುದಿ ಮ್ಯಾಲ, ಚಪ್ಪಟಿ ತುದಿ ಮಣ್ಣಾಗ. ಕಡ್ಡಿ ನೆಡೂದು ನನಗ ಕಲಸ್ತೀಯೇನ, ಬೋಳಿಮಗಳ?"

"ದ್ರಾಕ್ಷಿಗೆ ಅದು ಖರೇರಿ. ಇದು ತಾಯಿ ಗಿಡದಾಗ ಜೋತು ಬಿದ್ದು ತಲಿ ಕೆಳಗ ಮಾಡೇ ಹುಟ್ಟತೈತ್ರಿ. ಥೇಟ್ ನಿಮ್ಮಂಗ, ನನ್ನಂಗ."

ದಾನಪ್ಪನವರಿಗೆ ಒಮ್ಮೆಲೇ ಕೆಮ್ಮು ಬಂತು. ನಮ್ಮ ಐವರಲ್ಲೊಬ್ಬರು, ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು. ನಗು ಬಂದಾಗಲೆಲ್ಲ ಅವರಿಗೆ ಕೆಮ್ಮು. ಆಮೇಲೆ ಚಹ ಬಂತು. ನಮಗೆ ಸ್ಟೀಲ್ ಲೋಟ, ಮಲ್ಲವ್ವನಿಗೆ ನಿನ್ನೆಯ ಕಾಗದದ ಲೋಟವನ್ನೇ ತೊಳೆದು ಕೊಟ್ಟದ್ದು. ದಾನಪ್ಪನವರು ತಮ್ಮ ಲೋಟವನ್ನು ಅವಳ ಕಡೆ ಸರಿಸಿ, ಕಾಗದದ್ದನ್ನು ತಾವು ತೆಗೆದುಕೊಂಡರು.

ಬೀಜಗಳನ್ನು ಮಾತ್ರ ಎಲ್ಲರೂ ದ್ರಾಕ್ಷಿ ಕಡ್ಡಿಯ ಹಾಗೆಯೇ ನೆಟ್ಟೆವು. ಉಪ್ಪಿಟ್ಟು ತಿಂದ ಬಾಯಿ.

ಒಂದೂವರೆ ತಿಂಗಳ ಮೇಲೆ ಅನುದಾನದ ಅಧಿಕಾರಿ ಆಸ್ಟಿನ್‌ನಿಂದ ಬಂದರು. ಕ್ಯಾರಲ್ ಎಂದು ಹೆಸರು. ನಮ್ಮ ಕೆಸರುಗೈಗಳನ್ನು ಒಂದೊಂದಾಗಿ ಕುಲುಕಿದರು, ತಮ್ಮ ಕೈ ಒರೆಸಿಕೊಳ್ಳಲಿಲ್ಲ. ಸಾಲುಗಳ ನಡುವೆ ಬಗ್ಗಿ ಒಂದು ಬೀಜ ಕಿತ್ತು ನೋಡಿದರು. ಕೊಳೆತಿತ್ತು. ಇನ್ನೊಂದು, ಅದೂ ಹಾಗೆಯೇ. ಇವನ್ನು ಉಲ್ಟಾ ನೆಟ್ಟವರು ಯಾರು ಎಂದು ಕೇಳಿದರು.

ಶ್ರೀಶೈಲ್ ಇಂಗ್ಲಿಷಿನಲ್ಲಿ ಹೇಳಿದರು: "ಈ ಸ್ವಯಂಸೇವಕಿ. ಪಾಪ, ಓದು ಬರಹ ಇಲ್ಲ." ಮತ್ತೆ ನಗುತ್ತಲೇ ಫಾರಂಗಳನ್ನು ಮೇಜಿನ ಮೇಲೆ ಹರಡಿ ಕನ್ನಡಕ್ಕೆ ಬಂದರು. "ಮಲ್ಲವ್ವ, ಇಲ್ಲೆ ಹೆಬ್ಬಟ್ಟು ಒತ್ತು. ಸ್ವಂತ ಇಷ್ಟದಿಂದ ದುಡದೀನಿ ಅಂತ ಬರದೈತಿ. ಹಲ್ಲು ಕಾಣೂವಂಗ ನಗು."

"ಏಳನೇತ್ತಾ ಪಾಸ್ ಆಗೀನ್ರಿ. ಸಹಿ ಬರತೈತಿ," ಎಂದಳು ಮಲ್ಲವ್ವ. "ನನ್ನ ಪಾಸ್‌ಪೋರ್ಟ್ ಇಲ್ಲಿ ಇಡ್ರಿ. ಆಮ್ಯಾಲ ಸ್ವಂತ ಇಷ್ಟದ ಮಾತು."

ಏನು ಹೇಳುತ್ತಿದ್ದಾಳೆ ಎಂದು ಕ್ಯಾರಲ್ ಕೇಳಿದರು.

"ನಿಮಗೆ ಚಹ ಬೇಕೇ ಎಂದು ಕೇಳುತ್ತಿದ್ದಾಳೆ," ಎಂದರು ಶ್ರೀಶೈಲ್.

ದಾನಪ್ಪನವರು ನನ್ನ ಕಡೆ ತಿರುಗಿದರು. "ಇಂದುಮತಿ ಅವ್ವಾರ, ನಿಮ್ಮ ಇಂಗ್ಲಿಷ್ ಚಲೋ ಐತಿ. ಆ ಮೇಡಮ್ಮಾರಿಗೆ ಇದು ಚಹದ ಮಾತಲ್ಲಂತ ಹೇಳ್ರಿ. ಬಾಕಿದ್ದೂ ಹೇಳ್ರಿ."

"ಆಂಟಿ," ಶ್ರೀಶೈಲ್ ಧ್ವನಿ ತಗ್ಗಿಸಿದರು, "ನಿಮ್ಮ ಮಗ ವಾರಾ ವಾರಾ ನಮ್ಮನೀಗೆ ಊಟಕ್ಕ ಬರ್ತಾನ. ಯೋಚನಿ ಮಾಡ್ರಿ."

ನಾನು ಯೋಚನೆ ಮಾಡಿದೆ. ನಾಚಿಕೆಯಾಗುವಷ್ಟು ಹೊತ್ತು ಮಾಡಿದೆ.

"ಬರ್ಲಿ ಬಿಡಪ್ಪ," ಎಂದೆ. "ಅಡುಗೆಗೆ ಮಾತ್ರ ಇನ್ಮೇಲೆ ನೀನೇ ನಿಲ್ಬೇಕಾಗತ್ತೆ."

ಬಳಿಕ ಕ್ಯಾರಲ್ ಕಡೆಗೆ ತಿರುಗಿ ಮಲ್ಲವ್ವನ ಮಾತನ್ನು ಇಂಗ್ಲಿಷಿಗೆ ತಂದೆ. ಡ್ರಾಯರನ್ನೂ, ಬೀಗವನ್ನೂ, ಸತ್ತ ತಂಗಿಯನ್ನೂ ಬಿಡಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಸಹಿ ಹಾಕಲೆಂದು ಕೊಟ್ಟಿದ್ದ ನಮ್ಮ ಐದೂ ಪೆನ್ನುಗಳು ಮುಚ್ಚಳ ಹಾಕಿಕೊಂಡು ಮೇಜಿನ ಮೇಲಿದ್ದವು. ಕ್ಯಾರಲ್ ಖಾಲಿ ಫಾರಂಗಳನ್ನು ಒಟ್ಟುಮಾಡಿ ತಮ್ಮ ಚೀಲಕ್ಕೆ ಹಾಕಿಕೊಂಡು, ಆ ಡ್ರಾಯರು ಎಲ್ಲಿದೆ ಎಂದು ಕೇಳಿದರು.

ಬೀಗದ ಕೈಗಳು ಶ್ರೀಶೈಲ್ ಬೆಲ್ಟಿಗೇ ಜೋತುಬಿದ್ದಿದ್ದವು. ಮಲ್ಲವ್ವ ಎದುರಿಗೆ ಹೋಗಿ ಕೆಸರು ಮೆತ್ತಿದ ಅಂಗೈಯನ್ನು ಅವರ ಎದೆಯ ಮಟ್ಟಕ್ಕೆ ಚಾಚಿ ನಿಂತಳು. ಅವರ ಕೈ ಬೆಲ್ಟಿನ ಕಡೆ ಹೋಗಲಿಲ್ಲ. ಅವಳೂ ಕೈ ಹಿಂದಕ್ಕೆ ತೆಗೆಯಲಿಲ್ಲ.