ಒಂಟೆಯ ನಾಡಿ

ಓದಿದ ಕಾಲೇಜಿಗೆ ಡಾಕ್ಟರಮ್ಮ ಎಷ್ಟೋ ವರ್ಷಗಳ ಮೇಲೆ ಮತ್ತೆ ಕಾಲಿಟ್ಟದ್ದು ಪಾಠ ಕೇಳುವುದಕ್ಕೇ. ಸಣ್ಣ ಊರುಗಳಲ್ಲಿ ಕ್ಲಿನಿಕ್ಕು ನಡೆಸುವ ಅವರಂಥವರಿಗೆಂದೇ ಏರ್ಪಡಿಸಿದ ಒಂದು ದಿನದ ತರಬೇತಿ ಅದು. ನಮ್ಮ ಅಪ್ಪಣೆಗೆ ಕಾಯದೆ ಗುಂಡಿಗೆ, ಬೆವರು, ರಕ್ತದೊತ್ತಡಗಳನ್ನು ತಮ್ಮಷ್ಟಕ್ಕೆ ನೋಡಿಕೊಳ್ಳುವ ನರಗಳು ಕೈಕೊಟ್ಟರೆ ಗುರುತಿಸುವುದು ಹೇಗೆ, ಏನು ಮಾಡಬೇಕು ಎಂಬುದು ವಿಷಯ.

ಕಪ್ಪುಹಲಗೆ ಹೋಗಿ ಪರದೆ ಬಂದಿತ್ತು. ಬೆಂಚುಗಳು ಮಾತ್ರ ಹಳೆಯವೇ, ಮೊಣಕೈ ಊರಿ ಊರಿ ನುಣುಪಾಗಿದ್ದವು. ಹೆಣ ಕೊಯ್ದು ಕಲಿಸುವ ಪಕ್ಕದ ಕಟ್ಟಡದಿಂದ ಫಾರ್ಮಲಿನ್ ವಾಸನೆ ತೇಲಿ ಬಂದದ್ದೇ ತಡ, ಅವರಿಗೆ ಇಪ್ಪತ್ತರ ಹರೆಯ ಮೈಮೇಲೆ ಬಂದಂತಾಯಿತು.

"ಗುಬ್ಬೀ, ಸ್ವಲ್ಪ ಸರಕೊಳ್ಳೇ."

ಹಾಗೆ ಕರೆಯುವವರು ಅವರ ಬ್ಯಾಚಿನವರು ಮಾತ್ರ. ತಿರುಗಿ ನೋಡಿದರೆ ಒಂಟೆ. ತರಗತಿಗೆಲ್ಲ ಎತ್ತರದವನೆಂದು ಆ ಹೆಸರು, ಈಗ ಬೆನ್ನು ತುಸು ಬಾಗಿತ್ತು. ಇವನೂ ದೂರದ ಇನ್ನೊಂದು ಊರಿನಲ್ಲಿ ಕ್ಲಿನಿಕ್ಕು ಇಟ್ಟಿದ್ದ. ಆ ಕಾಲದಲ್ಲಿ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಇಡೀ ಬ್ಯಾಚು ಬಿಪಿ ನೋಡಲು ಕಲಿತದ್ದು ಇವನ ಸಣಕಲು ತೋಳಿನ ಮೇಲೆ. ತೋಳು ಬಾಡಿಗೆಗೆ ಒಂದು ಲೋಟ ಚಹಾ ಎಂದು ಕರಾರು ಮಾಡಿಕೊಂಡಿದ್ದ. ಸ್ಟೆಥಾಸ್ಕೋಪಿನಲ್ಲಿ ಮೊದಲ ಸಲ ಆ ಟಕ್ ಟಕ್ ಕೇಳಿಸಿದಾಗ ಡಾಕ್ಟರಮ್ಮ ಖುಷಿಗೆ ಪಟ್ಟಿಯ ಗಾಳಿ ಬಿಡುವುದನ್ನೇ ಮರೆತು ಅವನ ಕೈ ಜೋಮು ಹಿಡಿಸಿದ್ದರು.

ಪಾಠ ಹೇಳಿದಾಕೆ ಇವರ ಮಗಳ ವಯಸ್ಸಿನವಳು. "ತಲೆಸುತ್ತು ಅಂತ ಬಂದವರನ್ನ ಕೂರಿಸಿ ನೋಡಿ ಕಳಿಸಿಬಿಡಬೇಡಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿ. ನಿಂತಾಗ ಒತ್ತಡ ಇಳಿದರೂ ನಾಡಿ ಏರದಿದ್ದರೆ ನರಗಳ ಮೇಲೆ ಅನುಮಾನ ಪಡಿ. ಚೆನ್ನಾಗಿ ಏರಿದರೆ ಮೊದಲು ಅವರು ನುಂಗ್ತಿರೋ ಮಾತ್ರೆ ಯಾವುದು, ನೀರು ಸಾಕಷ್ಟು ಕುಡೀತಾರಾ ಅಂತ ವಿಚಾರಿಸಿ."

ಮಧ್ಯಾಹ್ನ ಇಬ್ಬಿಬ್ಬರಾಗಿ ಅಭ್ಯಾಸ. ಕೇಳಬೇಕೇ, ಒಂಟೆ ಆಗಲೇ ಅಂಗಿಯ ತೋಳು ಮಡಚಿ ಮಂಚದ ಮೇಲೆ ಮಲಗಿದ್ದ, ಪಾದಗಳು ಮಂಚದಾಚೆ. ಮಲಗಿದ್ದಾಗ ಒತ್ತಡ ಸ್ವಲ್ಪ ಜಾಸ್ತಿಯೇ ಇತ್ತು, ನಾಡಿ ಎಂದಿನಂತಿತ್ತು. ಎದ್ದು ನಿಂತ ಮೇಲೆ ಗಾಳಿ ಬಿಡುತ್ತ ಹೋದರೆ ಮುಳ್ಳು ಇಳಿಯುತ್ತಲೇ ಹೋಯಿತು, ಸದ್ದು ಕೇಳಿಸಿದ್ದು ತೀರ ಕೆಳಗೆ ಬಂದ ಮೇಲೆ. ಕಿವಿ ಕೆಟ್ಟಿತೇನೋ ಎಂದು ಡಾಕ್ಟರಮ್ಮ ಮತ್ತೊಮ್ಮೆ ನೋಡಿದರು. ಅಷ್ಟೇ ಬಂತು. ಅವನು ಮಂಚದ ಅಂಚು ಹಿಡಿದಿದ್ದ.

"ಕಣ್ಣು ಕತ್ತಲೆ ಬಂತಾ?"

"ಸ್ವಲ್ಪ. ವಯಸ್ಸಾಯ್ತಲ್ಲ."

"ನಿನ್ನ ರೋಗಿ ಹೀಗಂದ್ರೆ ಸುಮ್ಮನೆ ಬಿಡ್ತೀಯಾ?"

ಅವನು ದನಿ ತಗ್ಗಿಸಿದ. "ಮೊನ್ನೆ ಬಚ್ಚಲಲ್ಲಿ ಬಿದ್ದೆ ಕಣೇ. ಮನೇಲಿ ಹೇಳಿಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು, ಆಮೇಲೆ ಕೈ ನಡುಕ, ಆಮೇಲೆ ಹಾಸಿಗೆ. ಅದಕ್ಕೇ ಇವತ್ತಿನ ವಿಷಯ ನೋಡಿ ಬಂದೆ."

ಡಾಕ್ಟರಮ್ಮ ಅವನ ಮಣಿಕಟ್ಟು ಹಿಡಿದು ಬೆರಳು ಊರಿದರು. ಗಡಿಯಾರ ನೋಡುತ್ತ ಎಣಿಸಿದರು, ನಂಬದೆ ಇನ್ನೊಮ್ಮೆ ಎಣಿಸಿದರು. ಬೆರಳಡಿಯಲ್ಲಿ ನಾಡಿ ಓಟಕ್ಕೆ ಬಿದ್ದಿತ್ತು.

"ಏರಿದೆ ಕಣೋ. ಚೆನ್ನಾಗೇ ಏರಿದೆ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿನ್ನ ಕೈ ಮೇಲೇ ಕಲಿತವಳು, ನಿನಗೇ ಸುಳ್ಳು ಹೇಳ್ಲಾ? ಯಾವ್ಯಾವ ಮಾತ್ರೆ ತಗೋತೀಯ, ಅದು ಬೊಗಳು."

ಬಿಪಿಗೆ ಎರಡು. ಅದರ ಮೇಲೆ, ರಾತ್ರಿ ಮೂತ್ರಕ್ಕೆ ಪದೇ ಪದೇ ಏಳುವುದಕ್ಕೆಂದು ಈಚೆಗೆ ಸರ್ಜನ್ ಗೆಳೆಯ ಕೊಟ್ಟದ್ದೊಂದು. ಏಳಬೇಕಾದೀತೆಂದು ಸಂಜೆ ಮೇಲೆ ನೀರು ಕುಡಿಯುವುದನ್ನೂ ಬಿಟ್ಟಿದ್ದ. ಪಾಠದ ಹುಡುಗಿ ಬಂದು ಎಲ್ಲ ಕೇಳಿಸಿಕೊಂಡಳು. "ಆ ಹೊಸ ಮಾತ್ರೆ ಮೇಲೇ ನನ್ನ ಅನುಮಾನ ಸರ್. ಕೊಟ್ಟವರ ಹತ್ರ ಮಾತಾಡಿ ಬದಲಾಯಿಸಿ. ಆದರೂ ಪರೀಕ್ಷೆ ಎಲ್ಲ ಒಮ್ಮೆ ಪೂರ್ತಿ ಆಗಲಿ," ಎಂದಳು.

ಸಂಜೆ ಇಬ್ಬರೂ ಲೈಬ್ರರಿ ಮೆಟ್ಟಿಲ ಮೇಲೆ ಕೂತರು. ಕ್ಯಾಂಟೀನು ಇದ್ದ ಜಾಗದಲ್ಲಿ ಕಾರುಗಳು ನಿಂತಿದ್ದವು. ಬ್ಯಾಚಿನಲ್ಲಿ ಯಾರು ಅಜ್ಜಿಯಾದರು, ಯಾರು ಕಣ್ಣು ಮುಚ್ಚಿದರು ಎಂದು ಲೆಕ್ಕ ಹಾಕಿದರು, ಹಳೆಯದನ್ನು ನೆನೆದು ನಕ್ಕರು. ದೀಪ ಹತ್ತಿದರೂ ಇಬ್ಬರಿಗೂ ಏಳುವ ಮನಸ್ಸಿರಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಫೋನು ಬಂತು. ಮಾತ್ರೆ ಬದಲಾಗಿತ್ತು, ನರಗಳ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ, ತಲೆಸುತ್ತು ನಿಂತಿತ್ತು. ಅಷ್ಟು ಹೇಳುವುದರೊಳಗೆ ಅವನ ಹೆಂಡತಿ ಫೋನು ಕಿತ್ತುಕೊಂಡರು.

"ನೋಡಿ ಅಕ್ಕ, ಬಚ್ಚಲಲ್ಲಿ ಬಿದ್ದದ್ದನ್ನ ಈಗ ಬಾಯಿ ಬಿಡ್ತಿದಾರೆ. ಕಾಲೇಜಲ್ಲೂ ಹೀಗೇ ಗುಮ್ಮನಗುಸುಕನಾ ಇವರು?"

ಹೊರಗೆ ರೋಗಿಗಳು ಕಾಯುತ್ತಿದ್ದರು. ಡಾಕ್ಟರಮ್ಮ ಕುರ್ಚಿಗೆ ಒರಗಿ, "ಕೂತ್ಕೋಮ್ಮ, ಹೇಳ್ತೀನಿ," ಎಂದರು.